ಮನೆಯ ಒಂದು ಮೂಲೆ ಕುಸಿಯುತ್ತಿದೆಯೇ? ಪಾಯ ಅಗೆಸುವ ಮೊದಲು ಸಲಹೆ ಬೇಕು

ಪ್ರಶ್ನೆ

ನಮಸ್ಕಾರ. ನಮ್ಮದು ಕಾಲಂಗಳಿಲ್ಲದೆ ಇಟ್ಟಿಗೆ ಗೋಡೆಗಳ ಮೇಲೆಯೇ ತಾರಸಿ ಕೂತಿರುವ, 18 ವರ್ಷ ಹಳೆಯ ಮನೆ. 3 ವರ್ಷಗಳ ಹಿಂದೆ ಅದರ ಒಂದು ಮೂಲೆಯ ಮೇಲೆ ಹೊಸದಾಗಿ ಕೋಣೆ ಕಟ್ಟಿಸಿದೆವು. ಮರುವರ್ಷವೇ ಕೆಳಗಿನ ಕಿಟಕಿಯ ಮೇಲ್ತುದಿಯಿಂದ ಹೊರಟು, ಆ ಮೂಲೆಯ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕೊಂದು ಮೂಡಿತು. ಮೇಲೆ ಹೋದಂತೆ ಅದು ಅಗಲವಾಗುತ್ತದೆ. ಅತಿ ಅಗಲವಾದಲ್ಲಿ ಸುಮಾರು 4 ಮಿಲಿಮೀಟರ್ ಇದೆ. ಎರಡು ಸಲ ಗಾರೆ ತುಂಬಿಸಿ ಬಣ್ಣ ಬಳಿಸಿದರೂ ಅದೇ ಜಾಗದಲ್ಲಿ ಮತ್ತೆ ಬಿಟ್ಟುಕೊಂಡಿತು. ಬೇಸಿಗೆಯಲ್ಲಿ ಹಿಗ್ಗುತ್ತದೆ, ಮಳೆಗಾಲದಲ್ಲಿ ಕೊಂಚ ಕೂಡಿಕೊಳ್ಳುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಒಳಕೋಣೆಯ ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದೆ. ಮಣ್ಣು ಜಿಗುಟು ಜೇಡಿ. ಮೂಲೆಯಿಂದ 4 ಮೀಟರ್ ದೂರದಲ್ಲಿ ದೊಡ್ಡ ಮರವಿದೆ. ಆ ಮೂಲೆಯ ಪಾಯದ ಕೆಳಗೆ ಅಗೆದು ಕಾಂಕ್ರೀಟು ತುಂಬಲೇಬೇಕು, ಮರವನ್ನೂ ಕೂಡಲೇ ಕಡಿಸಬೇಕು ಎಂದು ಗುತ್ತಿಗೆದಾರರು ಒತ್ತಾಯಿಸುತ್ತಿದ್ದಾರೆ. ವಯಸ್ಸಾದ ತಾಯಿಯವರು ಅದೇ ಕೋಣೆಯಲ್ಲಿ ಮಲಗುತ್ತಾರೆ. ಇದು ನಿಜವಾಗಿಯೂ ಪಾಯದ ಕುಸಿತವೇ? ಅಗೆಸುವುದು ಅನಿವಾರ್ಯವೇ?

ಉತ್ತರ 1

ನಾನು ಕಟ್ಟಡಗಳ ದುರಸ್ತಿಯ ಕ್ಷೇತ್ರದಲ್ಲಿರುವ ಎಂಜಿನಿಯರ್. ಗೋಡೆಯನ್ನು ಕಣ್ಣಾರೆ ನೋಡದೆ ತೀರ್ಪು ಹೇಳಲಾರೆ, ಆದರೆ ನೀವು ಕೊಟ್ಟ ವಿವರಗಳು ಬರಿಯ ಗಾರೆಯ ಬಿರುಕನ್ನು ಸೂಚಿಸುವುದಿಲ್ಲ. ಗಾರೆ ಒಣಗಿ ಬಿಟ್ಟ ಬಿರುಕು ಕೂದಲೆಳೆಯಷ್ಟು ತೆಳ್ಳಗಿದ್ದು, ಜೇಡರ ಬಲೆಯಂತೆ ಎಲ್ಲ ಕಡೆಗೂ ಹರಡಿರುತ್ತದೆ. ಒಮ್ಮೆ ಮುಚ್ಚಿದರೆ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಇಟ್ಟಿಗೆಯ ಸಂದುಗಳನ್ನು ಹಿಡಿದು ಓರೆಯಾಗಿ ಏರುವ, ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದು ತುದಿಯಲ್ಲಿ ಕಿರಿದಾಗುವ ಬಿರುಕು ಬರುವುದು ಗೋಡೆಯ ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಇಳಿದಾಗ. ಇಡೀ ಮನೆ ಒಂದೇ ಸಮನಾಗಿ ಇಳಿದರೆ ಗೋಡೆಗೆ ಅಷ್ಟಾಗಿ ಬಾಧೆಯಿಲ್ಲ. ಕೆಡುಕಿರುವುದು ಈ ಏರುಪೇರಿನಲ್ಲಿ. ಮೂಲೆ ಇಳಿದಾಗ ಬಿರುಕು ಮೇಲ್ಗಡೆ ಅಗಲವಾಗಿರುತ್ತದೆ, ಗೋಡೆಯ ನಡುಭಾಗ ಇಳಿದಾಗ ಕೆಳಗಡೆ. ನಿಮ್ಮದು ಮೊದಲನೆಯ ಬಗೆ.

ಹಾಗೆಂದು ಇಂದೇ ಅಗೆಯಬೇಕಿಲ್ಲ. ಮೊದಲು ತಿಳಿಯಬೇಕಾದದ್ದು ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂಬುದು. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸುವುದು ಹಳೆಯ ರೂಢಿ. ಪಟ್ಟಿ ಒಡೆದರೆ ಗೋಡೆ ಅಲುಗಿದೆ ಎಂದು ತಿಳಿಯುತ್ತದೆಯೇ ಹೊರತು ಎಷ್ಟು, ಯಾವ ದಿಕ್ಕಿಗೆ ಎಂದು ತಿಳಿಯುವುದಿಲ್ಲ. ಅದರ ಬದಲು ಬಿರುಕಿನ ಒಂದು ಪಕ್ಕದಲ್ಲಿ ಎರಡು, ಇನ್ನೊಂದು ಪಕ್ಕದಲ್ಲಿ ಒಂದು, ಹೀಗೆ ತ್ರಿಕೋನಾಕಾರದಲ್ಲಿ ಮೂರು ಸ್ಕ್ರೂಗಳನ್ನು ಗೋಡೆಗೆ ಬಿಗಿಸಿ, ಮಿಲಿಮೀಟರ್‌ನ ಭಾಗಗಳನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ ಎಂಬ ಸಾಧನದಿಂದ ಅವುಗಳ ನಡುವಿನ ಅಂತರವನ್ನು 15 ದಿನಗಳಿಗೊಮ್ಮೆ ಬರೆದಿಡಿ. ಬಿಸಿಲಿಗೆ ಗೋಡೆ ಹಿಗ್ಗುವುದರಿಂದ ಪ್ರತಿ ಸಲವೂ ದಿನದ ಒಂದೇ ಹೊತ್ತಿನಲ್ಲಿ ಅಳೆಯಬೇಕು. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ಆ ಅಂಕಿಗಳು ಹೇಳುವಷ್ಟನ್ನು ಯಾವ ಗುತ್ತಿಗೆದಾರರೂ ನೋಟಮಾತ್ರದಿಂದ ಹೇಳಲಾರರು.

ಅಳತೆ ನಡೆಯುತ್ತಿರುವಾಗಲೇ ನೀರಿನ ಕಡೆ ನೋಡಿ. ಎಲ್ಲ ನಲ್ಲಿಗಳನ್ನೂ ಮುಚ್ಚಿ ಒಂದು ಗಂಟೆ ಮೀಟರ್ ಗಮನಿಸಿ. ಮುಳ್ಳು ಅಲುಗಿದರೆ ಎಲ್ಲೋ ಸೋರಿಕೆಯಿದೆ. ತಾರಸಿಯ ಮಳೆನೀರು ಆ ಮೂಲೆಯ ಬುಡದಲ್ಲಿ ಬೀಳುತ್ತಿದ್ದರೆ ಪೈಪನ್ನು ಮುಂದಕ್ಕೆ ಒಯ್ಯಿರಿ. ಗೋಡೆಯಿಂದ ಹೊರಕ್ಕೆ 3 ಮೀಟರ್‌ವರೆಗೆ ನೆಲ ಕನಿಷ್ಠ 15 ಸೆಂಟಿಮೀಟರ್ ಇಳಿಜಾರಾಗಿರಲಿ.

ಇನ್ನು ತಾಯಿಯವರ ವಿಷಯ. 5 ಮಿಲಿಮೀಟರ್‌ವರೆಗಿನ ಬಿರುಕನ್ನು ಸಾಮಾನ್ಯವಾಗಿ ಅಪಾಯವೆಂದು ಎಣಿಸುವುದಿಲ್ಲ. ಆದರೆ ಬಿರುಕು ದಿನದಿಂದ ದಿನಕ್ಕೆ ಬೆಳೆದರೆ, ಗೋಡೆ ತೂಗುಗುಂಡಿನ ನೇರದಿಂದ ಹೊರಬಾಗಿದರೆ, ತಾರಸಿಯ ಸ್ಲ್ಯಾಬು ಗೋಡೆಯ ಮೇಲಿನ ತನ್ನ ಆಸರೆಯಿಂದ ಜಾರಿದಂತೆ ಕಂಡರೆ ಅಥವಾ ಲಿಂಟಲ್ (ಕಿಟಕಿ, ಬಾಗಿಲುಗಳ ಮೇಲಿನ ಅಡ್ಡತೊಲೆ) ಕೆಳಗಿಳಿದರೆ, ಅಳತೆಗಾಗಿ ಕಾಯಬೇಡಿ; ಅಂದೇ ಕೋಣೆ ಖಾಲಿ ಮಾಡಿ, ಎಂಜಿನಿಯರ್ ಹೇಳಿದಂತೆ ಆಧಾರದ ಕಂಬಗಳನ್ನು ನಿಲ್ಲಿಸಿರಿ.

ಉತ್ತರ 2

ಮರದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಆ ತಪ್ಪನ್ನು ನಾವು ಮಾಡಿದ್ದೇವೆ. ಬೇರುಗಳು ಜೇಡಿಮಣ್ಣಿನ ತೇವವನ್ನು ಹೀರಿದಾಗ ಮಣ್ಣು ಕುಗ್ಗಿ ಪಾಯ ಇಳಿಯುತ್ತದೆ. ನಿಮ್ಮ ಬಿರುಕು ಬೇಸಿಗೆಯಲ್ಲಿ ಹಿಗ್ಗುವುದಕ್ಕೆ ಇದೂ ಕಾರಣವಿರಬಹುದು. ಆದರೆ ನಮ್ಮ ಮನೆಗಿಂತಲೂ ಹಳೆಯದಾಗಿದ್ದ ಮರವನ್ನು ಒಂದೇ ದಿನ ಬುಡಸಮೇತ ತೆಗೆಸಿದಾಗ, ವರ್ಷಗಳಿಂದ ಒಣಗಿದ್ದ ಮಣ್ಣು ನಿಧಾನವಾಗಿ ನೀರು ಕುಡಿದು ಉಬ್ಬಿತು, ಎರಡು ವರ್ಷಗಳಲ್ಲಿ ನೆಲಹಾಸು ಮೇಲೆದ್ದಿತು. ಇಳಿದ ಪಾಯಕ್ಕಿಂತ ಎದ್ದ ಪಾಯವನ್ನು ಸರಿಪಡಿಸುವುದು ನಮಗೆ ಹೆಚ್ಚು ಕಷ್ಟವಾಯಿತು. ಮರ ಮೊದಲೋ ಮನೆ ಮೊದಲೋ ಎಂದು ವಿಚಾರಿಸಿ ತಿಳಿದುಕೊಳ್ಳಿ. ಮರವೇ ಹಳೆಯದಾದರೆ, ಬಲ್ಲವರನ್ನು ಕೇಳಿ ಕೊಂಬೆಗಳನ್ನು ನಿಯಮಿತವಾಗಿ ಸವರಿಸಿ ನೀರಿನ ಹೀರುವಿಕೆಯನ್ನು ತಗ್ಗಿಸುವುದು ಮೇಲು. ದಯವಿಟ್ಟು ಅವಸರದಲ್ಲಿ ಕೊಡಲಿ ಹಾಕಿಸಬೇಡಿ.

ಉತ್ತರ 3

ಹಿಂದಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಮೇಲಿನ ಕೋಣೆಯ ಭಾರವನ್ನು ಯಾರೂ ಸಾಕಷ್ಟು ಗಣಿಸಿಲ್ಲ ಎಂದು ನನಗನಿಸುತ್ತದೆ. ಮಳೆಗಾಲದಲ್ಲಿ ಬಿರುಕು ಪೂರ್ತಿ ಮುಚ್ಚದೆ ಉಳಿಯುತ್ತದೆ ಎಂದರೆ ಋತುವಿನ ಏರಿಳಿತದ ಜೊತೆಗೆ ಮರಳಿ ಬಾರದ ಇಳಿತವೂ ಇರಬಹುದು. ಜೇಡಿಮಣ್ಣು ಭಾರಕ್ಕೆ ಕೂಡಲೇ ಮಣಿಯುವುದಿಲ್ಲ. ಅದರೊಳಗಿನ ನೀರು ಹಿಂಡಿ ಹೊರಹೋಗುತ್ತಾ ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ, ಒಂದು ಹಂತದಲ್ಲಿ ತಾನಾಗಿ ನಿಲ್ಲಲೂಬಹುದು. ಆದ್ದರಿಂದ ಆ ಮೂಲೆಯ ಪಕ್ಕದಲ್ಲಿ ಪಾಯದ ತಳ ಕಾಣುವಷ್ಟು ಆಳದ ಒಂದು ಪರೀಕ್ಷಾ ಗುಂಡಿ ತೋಡಿಸಿ, ಪಾಯದ ಅಗಲ, ಆಳ, ಕೆಳಗಿನ ಮಣ್ಣು ಮೂಲದ್ದೋ ತುಂಬಿದ್ದೋ ಎಂಬುದನ್ನು ಎಂಜಿನಿಯರ್‌ಗೆ ತೋರಿಸಿರಿ.

ಅಂಡರ್‌ಪಿನ್ನಿಂಗ್, ಅಂದರೆ ನಿಮ್ಮ ಗುತ್ತಿಗೆದಾರರು ಹೇಳುವಂತೆ ಪಾಯದ ಕೆಳಗೆ ಅಗೆದು ಕಾಂಕ್ರೀಟು ತುಂಬುವುದು, ಬೇಕೆಂದೇ ತೀರ್ಮಾನವಾದರೆ ಕೆಲಸದ ಕ್ರಮವೇ ಮುಖ್ಯ. ಪಾಯದ ಕೆಳಗೆ ಒಮ್ಮೆಲೇ ಉದ್ದಕ್ಕೆ ಅಗೆದರೆ ಗೋಡೆಯೇ ಕುಳಿತುಬಿಡಬಹುದು. 1ರಿಂದ 1.5 ಮೀಟರ್ ಉದ್ದದ ತುಂಡುಗಳಾಗಿ, ಅಕ್ಕಪಕ್ಕದವನ್ನು ಎಂದೂ ಒಟ್ಟಿಗೆ ತೆರೆಯದೆ, ಒಂದರ ಕಾಂಕ್ರೀಟು ಗಟ್ಟಿಯಾಗಿ, ಹಳೆಯ ಪಾಯಕ್ಕೂ ಅದಕ್ಕೂ ನಡುವಿನ ಸಂದನ್ನು ಗಟ್ಟಿ ಗಾರೆಯಿಂದ ಬಡಿದು ತುಂಬಿದ ಮೇಲಷ್ಟೇ ಪಕ್ಕದ್ದಕ್ಕೆ ಕೈ ಹಾಕಬೇಕು. ಹೊಸ ತಳವು ಋತುಮಾನದ ತೇವದ ಏರಿಳಿತ ತಟ್ಟದ ಗಟ್ಟಿ ಮಣ್ಣಿಗೆ ಮುಟ್ಟದಿದ್ದರೆ ಎಲ್ಲವೂ ವ್ಯರ್ಥ. ಒಂದು ಮೂಲೆಯನ್ನಷ್ಟೇ ಗಟ್ಟಿ ಮಾಡಿ ಉಳಿದ ಪಾಯವನ್ನು ಹಾಗೆಯೇ ಬಿಟ್ಟರೆ, ಎರಡೂ ಸೇರುವಲ್ಲಿ ಹೊಸ ಬಿರುಕು ಬರುವ ಸಂಭವವುಂಟು. ಇದನ್ನು ಹೇಗೆ ತಡೆಯುತ್ತೀರಿ ಎಂದು ನಿಮ್ಮ ಗುತ್ತಿಗೆದಾರರನ್ನು ಕೇಳಿ. ಸ್ಪಷ್ಟ ಉತ್ತರವೂ ನಕ್ಷೆಯೂ ಇಲ್ಲದಿದ್ದರೆ ಕೆಲಸ ಒಪ್ಪಿಸಬೇಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಲ್ಲಿ ಮುಚ್ಚಿ ನೋಡಿದಾಗ ಮೀಟರ್ ಅಲುಗಲಿಲ್ಲ. ಆದರೆ ಮೇಲಿನ ಕೋಣೆಯ ಸ್ನಾನದ ನೀರು ಹೋಗುವ ಪೈಪಿಗೆ ಬಣ್ಣದ ನೀರು ಬಿಟ್ಟು ನೋಡಿದಾಗ, ಅದು ಚೇಂಬರ್‌ಗೆ (ಹೊರಗಿನ ಚರಂಡಿ ತೊಟ್ಟಿಗೆ) ಅರ್ಧದಷ್ಟೂ ತಲುಪಲಿಲ್ಲ. ಅಗೆದಾಗ ಮೂಲೆಯ ಬುಡದಲ್ಲೇ ಜೋಡಣೆ ಬಿಟ್ಟಿರುವುದು ಕಂಡಿತು. ಮರ ಮನೆಗಿಂತ ಹಳೆಯದೆಂದು ತಾಯಿಯವರು ಹೇಳುತ್ತಾರೆ, ಆದ್ದರಿಂದ ಕಡಿಸುವುದಿಲ್ಲ. ಪೈಪು ಸರಿಪಡಿಸಿದ ಮೇಲೆ ಗೋಡೆಗೆ ಈಗಲೇ ಗಾರೆ ಮಾಡಿಸಬಹುದೇ?

ಉತ್ತರ 1 ಬರೆದವರಿಂದ

ಬೇಡ. ಅದೇ ಗುಂಡಿಯಲ್ಲಿ ಪಾಯದ ತಳವನ್ನೂ ಎಂಜಿನಿಯರ್‌ಗೆ ತೋರಿಸಿ, ಆಮೇಲೆ ಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಮಾಡಿಸಿ ಮುಚ್ಚಿಸಿರಿ. ನೆನೆದ ಮಣ್ಣು ತನ್ನ ಸ್ಥಿತಿಗೆ ಬರುವಾಗ ಗೋಡೆ ಇನ್ನೂ ಸ್ವಲ್ಪ ಅಲುಗುತ್ತದೆ. ಮಳೆ ಒಳಹೋಗದಂತೆ ಬಿರುಕಿಗೆ ಮೆತ್ತಗಿನ ಸೀಲೆಂಟ್ ಮಾತ್ರ ಹಚ್ಚಿ, ಸ್ಕ್ರೂಗಳ ಅಳತೆಯನ್ನು ಮುಂದುವರಿಸಿರಿ. ವರ್ಷ ಪೂರ್ತಿ ಅಂಕಿಗಳು ನಿಂತಲ್ಲೇ ನಿಂತರೆ ಸಂದುಗಳನ್ನು ಕೊರೆದು, ಬಿರುಕಿನ ಎರಡೂ ಪಕ್ಕಕ್ಕೆ ಅರ್ಧ ಮೀಟರ್‌ನಷ್ಟು ಹಾಯುವಂತೆ ತುಕ್ಕು ಹಿಡಿಯದ ಉಕ್ಕಿನ ಸರಳುಗಳನ್ನು ಕೂರಿಸಿ ಹೊಲಿಗೆ ಹಾಕಿಸಿದ ಮೇಲೆ ಗಾರೆ ಮಾಡಿಸಬಹುದು. ಉಜ್ಜುವ ಬಾಗಿಲನ್ನೂ ಅಲ್ಲಿಯವರೆಗೆ ಕೆತ್ತಿಸಬೇಡಿ. ಅದೂ ಒಂದು ಅಳತೆಗೋಲೇ.