ಸಹಾಯ ಬೇಕು: ತಂಗಿಯ ಆನ್‌ಲೈನ್ ಕೋರ್ಸಿಗೆ ಉಡುಪಿಯಲ್ಲಿ ಕೂತು ಓದಲು ಜಾಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹೆಬ್ರಿ ಹತ್ತಿರ. ತಂಗಿ ಉಡುಪಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಈ ಸಲ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲಿನಲ್ಲಿ 12 ವಾರದ ಎನ್‌ಪಿಟೆಲ್ (ಐಐಟಿಗಳು ಸೇರಿ ನಡೆಸುವ) ಕೋರ್ಸಿಗೆ ಸೇರಿದ್ದಾಳೆ.

ಸುಮ್ನೆ ವಿಡಿಯೋ ನೋಡಿದರೆ ಸಾಕು ಅಂದುಕೊಂಡಿದ್ದೆವು. ಹಾಗಲ್ಲ. ಪ್ರತಿ ವಾರ ಅಸೈನ್‌ಮೆಂಟ್ ಉಂಟು. 12ರಲ್ಲಿ ಚೆನ್ನಾಗಿ ಬಂದ 8ರ ಸರಾಸರಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಪಾಸಾಗಲು ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬರಲೇಬೇಕು.

ಮಳೆ ಜೋರಾದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕಳೆದ ವಾರ ರಾತ್ರಿ ಬಾವಿಕಟ್ಟೆ ಹತ್ತಿರ ನಿಂತು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಉತ್ತರ ಒತ್ತುತ್ತಿದ್ದಳು. ಕೊನೆಯ ಪ್ರಶ್ನೆಗೆ ಬರುವಾಗ ಸಿಗ್ನಲ್ ಹೋಯಿತು. ಒಳಗೆ ಬಂದು ಅತ್ತಳು. ಓದುವ ಹುಡುಗಿ, ಅದಕ್ಕೇ ನನಗೆ ಜಾಸ್ತಿ ಬೇಜಾರು.

ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ ಸಂಜೆ ಎರಡು ಗಂಟೆ ಕೂರಬಹುದಾದ, ವೈಫೈ ಇರುವ ಲೈಬ್ರರಿ ಅಥವಾ ಓದುವ ಕೋಣೆ ಯಾವುದಾದರೂ ಗೊತ್ತುಂಟಾ? ಹೆಣ್ಣುಮಗಳು, ಕತ್ತಲಾಗುವ ಮೊದಲು ಬಸ್ಸು ಹತ್ತಬೇಕು.

ಇನ್ನೊಂದು ವಿಷಯ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2021ರ ನಿಯಮದಲ್ಲಿ ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕೋರ್ಸುಗಳನ್ನು ಸ್ವಯಂನಲ್ಲಿ ಮಾಡಲು ಅವಕಾಶವಿದೆ. ಆದರೆ ಕಾಲೇಜಿನಲ್ಲಿ ಕೇಳಿದರೆ "ಸರ್ಟಿಫಿಕೇಟ್ ಬರಲಿ, ನೋಡುವಾ" ಅನ್ನುತ್ತಾರೆ. ಇಂಥ ಕೋರ್ಸಿನ ಕ್ರೆಡಿಟ್ (ಡಿಗ್ರಿಗೆ ಲೆಕ್ಕವಾಗುವ ಅಂಶ) ಡಿಗ್ರಿಗೆ ಸೇರಿಸಲು ಮೊದಲೇ ಅರ್ಜಿ ಕೊಟ್ಟವರು ಇದ್ದರೆ, ಯಾರಿಗೆ, ಹೇಗೆ ಬರೆದಿರಿ ಅಂತ ದಯವಿಟ್ಟು ತಿಳಿಸಿ. ಮುಂದಿನ ಅಸೈನ್‌ಮೆಂಟಿಗೆ ಬುಧವಾರ ಕೊನೆ ದಿನ.