ವಿಲ್, ಪಾಲುಪಟ್ಟಿ ಮಾತ್ರ ಮಾಡುವ ಸಣ್ಣ ಕಚೇರಿ: ಫೀಸು, ಕಡತ ಹಿಡಿತಕ್ಕೆ ತರೋದು ಹೇಗೆ?

ಪ್ರಶ್ನೆ: ಕೊಡಿಯಾಲ್‌ಬೈಲ್ ಜೂನಿಯರ್

ಮಂಗಳೂರಲ್ಲಿ ಒಂದು ಕೋಣೆಯ ಕಚೇರಿ, ಒಬ್ಬ ಗುಮಾಸ್ತ. ದಾವೆ ಕಡಿಮೆ ಮಾಡಿ ವಿಲ್, ದಾನಪತ್ರ, ಪಾಲುಪಟ್ಟಿ, ಸಕ್ಸೆಷನ್ ಸರ್ಟಿಫಿಕೇಟು ಇಷ್ಟಕ್ಕೇ ನಿಲ್ಲುವ ಯೋಚನೆ. ಕೆಲಸ ಬರುತ್ತದೆ, ಮುಗಿಯುವುದಿಲ್ಲ. "ಮಗಳು ದುಬೈಯಿಂದ ಬರಲಿ", "ಆಟಿ (ಶುಭಕಾರ್ಯ ಮಾಡದ ತುಳು ತಿಂಗಳು) ಕಳೆಯಲಿ" ಅಂತ 31 ಕಡತ ಬಾಯಿ ತೆರೆದು ಕೂತಿವೆ. ವಿಲ್‌ಗೆ ಇಷ್ಟು ಅಂತ ಒಂದೇ ಮೊತ್ತ ಹೇಳಿದರೆ ಐದನೇ ಸಲ ತಿದ್ದುವ ಹೊತ್ತಿಗೆ ಕೈಗೆ ಏನೂ ಉಳಿಯುವುದಿಲ್ಲ. ಆಸ್ತಿ ಬೆಲೆಯ ಮೇಲೆ ಶೇಕಡಾ ಹೇಳಬಹುದಾ? ಮೊದಲ ದಿನ ಯಾವ್ಯಾವ ಕಾಗದ ಕೇಳಬೇಕು? ಮೂಲ ವಿಲ್ ನಾವೇ ಇಟ್ಟುಕೊಳ್ಳುವುದು ಸರಿಯಾ?

ಉತ್ತರ: ಲೆಕ್ಕದ ಪುಸ್ತಕ

ಶೇಕಡಾ ಬೇಡ. ದಾವೆಯ ಫಲಿತಾಂಶಕ್ಕೆ ಕಟ್ಟಿದ ಫೀಸು, ಬಂದ ಆಸ್ತಿಯಲ್ಲಿ ಪಾಲು, ಎರಡನ್ನೂ ಬಾರ್ ಕೌನ್ಸಿಲಿನ ನಿಯಮ 20 ತಡೆಯುತ್ತದೆ. ಬರೀ ಕರಡು ಬರೆಯುವ ಕೆಲಸಕ್ಕೆ ಶೇಕಡಾ ಹಾಕಿದರೂ ಲೆಕ್ಕ ಕೂರುವುದಿಲ್ಲ. ಬಿಜೈಯ ಕೋಟಿ ರೂಪಾಯಿಯ ಫ್ಲ್ಯಾಟಿಗೆ ಇರುವುದು ಒಂದು ಕ್ರಯಪತ್ರ. ಬೆಳ್ತಂಗಡಿ ಕಡೆಯ ಸಣ್ಣ ತೋಟಕ್ಕೆ ಹದಿನಾಲ್ಕು ಸರ್ವೆ ನಂಬರು, ಮೇಲಿಂದ ಅಜ್ಜನ ಕಾಲದ ಪೌತಿ ಖಾತೆ (ತೀರಿದವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಬಾಕಿ. ಬೆನ್ನು ಮುರಿಯುವುದು ಎರಡನೆಯದು.

ಗಂಟೆಯ ಅಸಲು ಹೀಗೆ ತೆಗೆಯಿರಿ. ಬಾಡಿಗೆ, ಗುಮಾಸ್ತರ ಸಂಬಳ, ಕರೆಂಟು, ಟೋನರ್, ನಿಮ್ಮ ಮನೆ ಖರ್ಚು ಸೇರಿ ತಿಂಗಳಿಗೆ 90,000 ಎಂದಿಟ್ಟುಕೊಳ್ಳೋಣ. ಫೋನು, ಕಾಯುವಿಕೆ, ಸಬ್‌ರಿಜಿಸ್ಟ್ರಾರ್ ಕಚೇರಿಯ ಸರ್ವರ್ ಬೀಳುವುದು ಎಲ್ಲ ಕಳೆದರೆ ದಿನಕ್ಕೆ ನಾಲ್ಕು ಗಂಟೆ ಫೀಸು ಹುಟ್ಟಿಸುವ ಕೆಲಸ ಆದೀತು. 22 ದಿನಕ್ಕೆ 88 ಗಂಟೆ, ಅಂದರೆ ಗಂಟೆಗೆ ಸಾವಿರದ ಚಿಲ್ಲರೆ. ಒಂದು ಸಾಧಾರಣ ವಿಲ್‌ಗೆ ಮಾತುಕತೆ 1, ಕಾಗದ ಓದುವುದು 2, ಕರಡು 2, ಓದಿ ಹೇಳಿ ತಿದ್ದುವುದು 1, ಸಹಿಯ ದಿನ 2: ಎಂಟು ಗಂಟೆ. ಅಸಲೇ ಎಂಟು ಸಾವಿರ ದಾಟಿತು. ಐದು ಸಾವಿರಕ್ಕೆ ಒಪ್ಪಿಕೊಂಡು "ಲಾಭ ಎಲ್ಲಿ ಹೋಯಿತು" ಎಂದು ಹುಡುಕಿದರೆ ಸಿಗುವುದಿಲ್ಲ ಮಾರಾಯ್ರೆ.

ಮೊದಲ ಭೇಟಿಗೆ ಬೇರೆಯೇ ಫೀಸು. ಕಾಗದದ ಪಟ್ಟಿ ಪೂರ್ತಿಯಾಗಿ ಕರಡು ಶುರುವಾಗುವಾಗ ಅರ್ಧ. ಉಳಿದದ್ದು ಸಹಿಯ ದಿನಕ್ಕೆ ಮೊದಲು, ಆಮೇಲೆ ಅಲ್ಲ. ಒಂದು ತಿದ್ದುಪಡಿ ಫೀಸಿನ ಒಳಗೆ, ಎರಡನೆಯದರಿಂದ ಗಂಟೆ ಲೆಕ್ಕ. ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಸಹಿ ತೆಗೆದುಕೊಳ್ಳಿ. 60 ದಿನ ಸುದ್ದಿ ಇಲ್ಲದಿದ್ದರೆ ಕಡತ ಮುಚ್ಚುತ್ತೇವೆ, ಮತ್ತೆ ತೆರೆಯಲು ಇಷ್ಟು ಎಂದೂ ಅದರಲ್ಲೇ ಇರಲಿ. ನಿಮ್ಮ 31ರಲ್ಲಿ ಅರ್ಧ ಈ ಒಂದು ಸಾಲಿಗೆ ಎಚ್ಚರಾಗುತ್ತವೆ. ಆಟಿಯಲ್ಲಿ ಯಾರೂ ಕಾಗದಕ್ಕೆ ಸಹಿ ಹಾಕಲು ಮನಸ್ಸು ಮಾಡುವುದಿಲ್ಲ, ನಿಜ. ಆದರೆ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಯಲು, ಕರಡು ಮುಗಿಸಲು ಮುಹೂರ್ತ ಬೇಡವಲ್ಲ. ಏಪ್ರಿಲ್‌–ಮೇ ಮತ್ತು ಕ್ರಿಸ್ಮಸ್ ಹೊತ್ತಿಗೆ ಪರವೂರಿನವರು ಬಂದಿಳಿಯುವಾಗ ಸಹಿ ಮಾತ್ರ ಬಾಕಿ ಇರಬೇಕು.

ಮುದ್ರಾಂಕ, ನೋಂದಣಿ ಶುಲ್ಕವನ್ನು ನಿಮ್ಮ ಫೀಸಿನ ಜತೆ ಒಂದೇ ಮೊತ್ತವಾಗಿ ಹೇಳಲೇಬೇಡಿ. ನೋಂದಣಿ ಇಲಾಖೆಯ ಆನ್‌ಲೈನ್ ತಾಣ ಕಾವೇರಿ 2.0ರಲ್ಲಿ ಬರುವ ಮೊತ್ತವನ್ನು ಕಕ್ಷಿದಾರರೇ ಕಟ್ಟಲಿ. ನಿಮ್ಮ ಕೈಗೆ ಬಂದ ಹಣಕ್ಕೆ ಬೇರೆ ಲೆಡ್ಜರ್. ಖಾಸಗಿ ವ್ಯಕ್ತಿಗಳಿಗೆ ಒಬ್ಬ ವಕೀಲ ಮಾಡುವ ಕೆಲಸಕ್ಕೆ ಜಿಎಸ್‌ಟಿ ಇಲ್ಲ, ಸೇರಿಸಬೇಡಿ.

ಇನ್ನೊಂದು: ಆಸ್ತಿ ಪಡೆಯುವವರ ಹತ್ತಿರ ಸಾಕ್ಷಿ ಸಹಿ ಹಾಕಿಸಬೇಡಿ, ಇಡೀ ವಿಲ್ ಬಿದ್ದುಹೋಗುತ್ತದೆ.

ಉತ್ತರ: ಕುಂದಾಪ್ರ ಕಡತ

ಫೀಸಿನ ಮಾತಿಗೆ ಒಪ್ಪಿಗೆ. ಆದರೆ ಗಂಟೆ ಸೋರುವುದು ಜಾಗದ ಕಾಗದದಲ್ಲಿ. ಪಟ್ಟಿ ಪೂರ್ತಿಯಾಗದೆ ಕಂಪ್ಯೂಟರ್ ಮುಟ್ಟಬೇಡಿ.

ಕೃಷಿ ಜಾಗವಾದರೆ ಹೊಸ ಆರ್‌ಟಿಸಿ (ಪಹಣಿ), ಅದರ 9ನೇ ಕಾಲಂನ ಹೆಸರು, 11ನೇ ಕಾಲಂನ ಸಾಲ. ಸೊಸೈಟಿ ಸಾಲ ತೀರಿದರೂ 11ರಲ್ಲಿ ಹಾಗೇ ಉಳಿದಿರುವುದು ಮಾಮೂಲು. ಮೂಲಪತ್ರ, ಇ.ಸಿ., ಮ್ಯುಟೇಷನ್ ಪ್ರತಿ. ಪಂಚಾಯತ್ ವ್ಯಾಪ್ತಿಯ ಮನೆ ಜಾಗಕ್ಕೆ 9/11 (ಪಂಚಾಯತ್ ಕೊಡುವ ನಮೂನೆ 9 ಮತ್ತು 11), ನಗರದಲ್ಲಿ ಇ-ಖಾತಾ. ಇವಿಲ್ಲದೆ ದಾನಪತ್ರವೂ ಪಾಲುಪಟ್ಟಿಯೂ ಮೇಜು ದಾಟುವುದಿಲ್ಲ.

ಕುಮ್ಕಿಯ ವಿಷಯದಲ್ಲಿ ಹೊರಗಿನ ಮಾದರಿ ಕರಡು ನಮ್ಮಲ್ಲಿ ಕೈಕೊಡುತ್ತದೆ. ವರ್ಗ ಜಾಗಕ್ಕೆ (ಪಟ್ಟಾ ಇರುವ ಸ್ವಂತ ಜಾಗ) ತಾಗಿ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಇರುವುದು ಸೊಪ್ಪು, ಸೌದೆಯಂಥ ಸೌಲಭ್ಯ, ಮಾಲಕಿ ಅಲ್ಲ. ಅಪ್ಪ ಅಲ್ಲಿ ಅಡಿಕೆ ಹಾಕಿರುತ್ತಾರೆ, "ಒಟ್ಟು ನಾಲ್ಕು ಎಕ್ರೆ" ಎಂದು ಹೇಳಿಯೂ ಬಿಡುತ್ತಾರೆ. ಆರ್‌ಟಿಸಿ ನೋಡಿದರೆ ಎರಡೂವರೆ. ನಾಲ್ಕನ್ನು ಸಮ ಮಾಡಿ ಬರೆದರೆ ಒಬ್ಬ ಮಗನಿಗೆ ವರ್ಗ, ಇನ್ನೊಬ್ಬನಿಗೆ ಗಾಳಿ. ಷೆಡ್ಯೂಲಿನಲ್ಲಿ ವರ್ಗ ಜಾಗ ಬೇರೆ ಇರಲಿ, "ಅದಕ್ಕೆ ಹೊಂದಿದ ಕುಮ್ಕಿ ಸೌಲಭ್ಯ" ಎಂಬುದು ಬೇರೆ ಇರಲಿ. ಪಾಲು ಹಾಕುವುದು ವರ್ಗದ ವಿಸ್ತೀರ್ಣದ ಮೇಲೆ.

ಭೂನ್ಯಾಯ ಮಂಡಳಿಯಿಂದ ಗೇಣಿದಾರರಿಗೆ ಬಂದ ಡಿಕ್ಲರೇಶನ್ ಜಾಗವಾದರೆ ನಮೂನೆ 10 (ಅಧಿಭೋಗದ ಹಕ್ಕುಪತ್ರ) ಒಬ್ಬರ ಹೆಸರಲ್ಲಿದೆ ಎಂದ ಮಾತ್ರಕ್ಕೆ ಅದು ಅವರೊಬ್ಬರ ಸ್ವಂತ ಎಂದುಕೊಳ್ಳಬೇಡಿ. ಅರ್ಜಿ ಯಾರಿಗಾಗಿ ಕೊಟ್ಟದ್ದು, ಗೇಣಿ ಚೀಟಿ ಯಾರ ಹೆಸರಲ್ಲಿತ್ತು, ಆದೇಶದಲ್ಲಿ ಏನಿದೆ, ಎಲ್ಲ ಓದಬೇಕು. ಕುಟುಂಬದ ಪರವಾಗಿ ಸಿಕ್ಕಿದ್ದಾದರೆ ಪೂರ್ತಿ ಜಾಗಕ್ಕೆ ವಿಲ್ ಬರೆಯಲು ಅವರಿಗೆ ಹಕ್ಕೇ ಇರುವುದಿಲ್ಲ.

ಪಾಲುಪಟ್ಟಿಯಲ್ಲಿ ಎಕ್ರೆ ಹಂಚಿ ಕೈತೊಳೆದರೆ ಜಗಳ ಬಾವಿಕಟ್ಟೆಯಲ್ಲಿ ಕಾಯುತ್ತದೆ. ಬಾವಿ ಯಾರ ಪಾಲಿನಲ್ಲಿ, ನೀರು ಯಾರಿಗೆ ಎಷ್ಟು ಹೊತ್ತು, ಪಂಪಿನ ಕರೆಂಟು ಸಂಪರ್ಕದ ಆರ್.ಆರ್. ನಂಬರು ಯಾರ ಹೆಸರಿಗೆ, ದಾರಿಯ ಅಗಲ ಎಷ್ಟು ಅಡಿ ಬರೆಯಿರಿ. "ವಾಡಿಕೆಯ ದಾರಿ" ಎಂದರೆ ಪಿಕಪ್ ಹೋಗುತ್ತದಾ ಇಲ್ಲವಾ ಎಂದು ಮುಂದೆ ಕೋರ್ಟೇ ಹೇಳಬೇಕಾದೀತು. ನಾಗಬನ, ದೈವದ ಗುಡಿ ಇದ್ದರೆ ಅವನ್ನು ಪಾಲಿಗೆ ಹಾಕದೆ ಸಾಮಾನ್ಯವಾಗಿಟ್ಟು ಹೋಗಲು ದಾರಿ ಬಿಡಿ. ವರ್ಷದ ತಂಬಿಲದ (ನಾಗ, ದೈವಗಳಿಗೆ ಸಲ್ಲಿಸುವ ಸೇವೆ) ಖರ್ಚು ಯಾರದು ಎಂಬುದಕ್ಕೂ ಒಂದು ಸಾಲು. ಇಂಥ ಪಾಲುಪಟ್ಟಿಗೆ ಜಾಗ ನೋಡಲು ಒಮ್ಮೆ ಹೋಗಲೇಬೇಕು, ಆ ಅರ್ಧ ದಿನವನ್ನೂ ಫೀಸಿಗೆ ಸೇರಿಸಿ.

ಉತ್ತರ: ಮೂರನೇ ಸಾಕ್ಷಿ

ಮೇಲಿನ ಸಾಕ್ಷಿಯ ಮಾತಿಗೆ ತಿದ್ದುಪಡಿ. ಇಡೀ ವಿಲ್ ಬೀಳುವುದಿಲ್ಲ. 1925ರ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 67ರಂತೆ ಸಾಕ್ಷಿಗೆ ಅಥವಾ ಆತನ ಗಂಡ/ಹೆಂಡತಿಗೆ ಬರೆದ ಭಾಗ ಮಾತ್ರ ರದ್ದು. ಅದೂ ಹಿಂದೂ ವಿಲ್‌ಗಳಿಗೆ ಅನ್ವಯಿಸುವುದಿಲ್ಲ, ಕ್ರೈಸ್ತರ ವಿಲ್‌ಗೆ ಅನ್ವಯಿಸುತ್ತದೆ. ಹಾಗೆಂದು ಹಿಂದೂ ವಿಲ್‌ನಲ್ಲಿ ಫಲಾನುಭವಿಯನ್ನೇ ಸಾಕ್ಷಿ ಮಾಡಿದರೆ ಎದುರಿನ ವಕೀಲನಿಗೆ ಹಬ್ಬ.

ಅದಕ್ಕೇ ಮೊದಲ ದಿನದ ಫಾರಂನಲ್ಲಿ ಯಾವ ಕಾನೂನು ಎಂಬ ಕಾಲಂ ಬೇಕು. ಕ್ರೈಸ್ತರ ವಿಲ್ ಮದುವೆಯಾದೊಡನೆ ರದ್ದು (ಸೆಕ್ಷನ್ 69), ಹಿಂದೂಗಳದ್ದು ಹಾಗಲ್ಲ. ಮದುವೆಗೆ ಮೊದಲೇ ಫ್ಲ್ಯಾಟು ತೆಗೆದು ವಿಲ್ ಬರೆಸುವ ಹುಡುಗರಿಗೆ ಇದನ್ನು ಬರೆದೇ ಕೊಡಿ. ಮುಸ್ಲಿಮರು ಸಾಲ, ಕ್ರಿಯಾಕರ್ಮದ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗ ಬರೆಯಬಹುದು. ವಾರಸುದಾರರೊಬ್ಬರಿಗೇ ಬರೆದರೆ ಉಳಿದ ವಾರಸುದಾರರ ಒಪ್ಪಿಗೆ ಬೇಕು. ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ ಎಣಿಸುವ) ಕುಟುಂಬವಾದರೆ ವಂಶವೃಕ್ಷವನ್ನು ಅಜ್ಜಿಯಿಂದ ಕೆಳಗೆ ಬರೆಯಿರಿ. ಅಪ್ಪನಿಂದ ಶುರುಮಾಡುವ ಅಚ್ಚು ಫಾರಂ ತುಂಬಿದರೆ ಕವರುಗಳೇ (ಹೆಣ್ಣಿನ ಸಂತತಿಯ ಕವಲುಗಳು) ತಪ್ಪಿಹೋಗುತ್ತವೆ. ಅವಿಭಕ್ತ ಕುಟುಂಬದ ತನ್ನ ಹಿತಾಸಕ್ತಿಯನ್ನು ಸದಸ್ಯರು ವಿಲ್ ಮಾಡಲು ಹಿಂದೂ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 30 ಅವಕಾಶ ಕೊಡುತ್ತದೆ.

ಸಹಿಯ ದಿನ ಅಪ್ಪನನ್ನು ಕರೆತಂದ, ಫೀಸು ಕೊಟ್ಟ ಮಗ ಹೊರಗೆ ಕೂರಲಿ. ಕಕ್ಷಿದಾರರು ಅಪ್ಪ. ಮನೆಮಾತು ತುಳುವೋ ಕೊಂಕಣಿಯೋ ಆಗಿ ವಿಲ್ ಕನ್ನಡದಲ್ಲಿದ್ದರೆ ಅವರ ಮಾತಲ್ಲೇ ಓದಿ ಹೇಳಿ, ಯಾರು ಹೇಳಿದರು ಎಂದು ಕೊನೆಯ ಪುಟದಲ್ಲಿ ಬರೆಯಿರಿ. ಇಬ್ಬರು ಸಾಕ್ಷಿಗಳೂ ಅವರು ಸಹಿ ಮಾಡುವುದನ್ನು ನೋಡಲಿ, ಅವರೆದುರೇ ತಮ್ಮ ಸಹಿ ಹಾಕಲಿ. ಹೇಗೂ ಸಾಕ್ಷಿ ನುಡಿಯಬೇಕಾದವರು ಇವರೇ, ಆದ್ದರಿಂದ ವಯಸ್ಸಿನಲ್ಲಿ ಚಿಕ್ಕವರು, ಊರಲ್ಲೇ ಇರುವವರು ಬೇಕು. ಡಾಕ್ಟರ ಸರ್ಟಿಫಿಕೇಟು ಅದೇ ದಿನಾಂಕದ್ದಿರಲಿ. ವಾರದ ಹಿಂದಿನದು ಹೆಚ್ಚು ಉಪಕಾರಕ್ಕೆ ಬರುವುದಿಲ್ಲ. ಎದ್ದು ಬರಲಾಗದವರಿದ್ದರೆ ಮನೆಗೇ ಬಂದು ನೋಂದಾಯಿಸಲು ಸಬ್‌ರಿಜಿಸ್ಟ್ರಾರರಿಗೆ ಅರ್ಜಿ ಕೊಡಬಹುದು.

ಮಕ್ಕಳಿಗೆ ಈಗಲೇ ದಾನಪತ್ರ ಬೇಕೆಂದರೆ "ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಸೇರಿಸಿ. ಹಿರಿಯ ನಾಗರಿಕರ 2007ರ ಕಾಯ್ದೆಯ ಸೆಕ್ಷನ್ 23ರಲ್ಲಿ ಎಸಿ (ಸಹಾಯಕ ಆಯುಕ್ತರು) ಮುಂದೆ ಹೋಗಬೇಕಾದಾಗ ಎಲ್ಲ ನಿಲ್ಲುವುದು ಆ ಷರತ್ತಿನ ಮೇಲೆ.

ಪ್ರಶ್ನೆ ಕೇಳಿದವರು

ಫಾರಂ ಇವತ್ತೇ ಬದಲಾಯಿಸುತ್ತೇನೆ. ಮೂಲ ವಿಲ್ ಎಲ್ಲಿಡುವುದು? ಗಲ್ಫಿನಲ್ಲೂ ಆಸ್ತಿ ಇರುವವರದ್ದು?

ಉತ್ತರ: ಬ್ರಹ್ಮಾವರದಿಂದ

ಮೂಲವನ್ನು ನಿಮ್ಮ ಕಪಾಟಿನಲ್ಲಿ ಇಡಬೇಡಿ. ನಿಮಗೆ ಆಯುಷ್ಯ ಎಷ್ಟೆಂದು ಯಾರಿಗೆ ಗೊತ್ತು. ನೋಂದಣಿ ಐಚ್ಛಿಕ, ವಿಲ್‌ಗೆ ಮುದ್ರಾಂಕ ಶುಲ್ಕವೂ ಇಲ್ಲ, ಆದ್ದರಿಂದ ನೋಂದಾಯಿಸಿಬಿಡುವುದು ಮೇಲು. ಗುಟ್ಟಾಗಿರಬೇಕೆಂದರೆ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ರಿಜಿಸ್ಟ್ರಾರರಲ್ಲಿ ಠೇವಣಿ ಇಡಲು 1908ರ ನೋಂದಣಿ ಕಾಯ್ದೆಯ ಸೆಕ್ಷನ್ 42 ಇದೆ. ಬರೆದವರ ಕೈಯಲ್ಲಿದ್ದ ಮೂಲ ಅವರು ತೀರಿದ ಮೇಲೆ ಸಿಗದಿದ್ದರೆ "ಅವರೇ ಹರಿದುಹಾಕಿರಬೇಕು" ಎಂಬ ವಾದಕ್ಕೆ ಜಾಗವಾಗುತ್ತದೆ. ನಿಮ್ಮಲ್ಲಿ ಸ್ಕ್ಯಾನ್, ಮೂಲ ಒಪ್ಪಿಸಿದ್ದಕ್ಕೆ ಸಹಿ ಮಾಡಿದ ರಶೀದಿ, ಇಷ್ಟು ಸಾಕು. ಲ್ಯಾಮಿನೇಷನ್ ಮಾಡಿಸಬೇಡಿ, ಸಹಿಯ ಶಾಯಿ ಪರೀಕ್ಷಿಸಲು ಆಗುವುದಿಲ್ಲ. ನಮ್ಮ ಮಳೆಗಾಲಕ್ಕೆ ಕಾಗದದ ಲಕೋಟೆ, ಸಿಲಿಕಾ ಜೆಲ್, ಗೋಡೆಗೆ ತಾಗದ ಕಪಾಟು.

ಗಲ್ಫಿನವರಿಗೆ ಅಲ್ಲಿಯ ಆಸ್ತಿಗೆ ಅಲ್ಲಿ ಬೇರೆ ವಿಲ್ ಮಾಡಿಸುವುದುಂಟು. ಮುಸ್ಲಿಮೇತರರಿಗೆ ದುಬೈಯ ಡಿಐಎಫ್‌ಸಿಯಲ್ಲಿ (ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ) 2015ರಿಂದ ವ್ಯವಸ್ಥೆ ಇದೆ. ಎಡವಟ್ಟಾಗುವುದು ಇಲ್ಲಿಯ ಕರಡಿನ ಮಾಮೂಲಿ ಸಾಲಿನಲ್ಲಿ: "ಹಿಂದಿನ ಎಲ್ಲ ವಿಲ್‌ಗಳನ್ನು ರದ್ದುಪಡಿಸಿದ್ದೇನೆ." ದುಬೈಯ ವಿಲ್ಲೂ ಆ "ಎಲ್ಲ"ದೊಳಗೆ ಬಿತ್ತು! "ಭಾರತದಲ್ಲಿರುವ ಆಸ್ತಿಗೆ ಸಂಬಂಧಿಸಿದ ಹಿಂದಿನ ವಿಲ್‌ಗಳನ್ನು ಮಾತ್ರ" ಎಂದು ಬರೆಯಿರಿ.

ಪಾಲುಪಟ್ಟಿಗೆ ಅಲ್ಲಿಂದ ಮುಖ್ತ್ಯಾರುನಾಮೆ ಕಳಿಸುವುದಾದರೆ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿಯೇ ಬರಲಿ. ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಬೇಕು. ಕೊರಿಯರ್ ಕವರನ್ನು ಎಸೆಯದೆ ಅದರ ಜತೆಗೇ ಪಿನ್ ಮಾಡಿಡಿ, ತಲುಪಿದ ದಿನ ಯಾವುದೆಂದು ಕೇಳಿದರೆ ತೋರಿಸಲು ಅದೊಂದೇ ಇರುತ್ತದೆ.