ಮೇ ತಿಂಗಳ ಸೆಕೆಗೆ ಯಾವ ಬಟರ್‌ಕ್ರೀಮ್?

ಪ್ರಶ್ನೆ: ಮೇ ತಿಂಗಳಲ್ಲಿ ಮಂಗಳೂರಿನ ನಮ್ಮ ಮನೆಯಲ್ಲಿ ಮಗಳ ಹುಟ್ಟುಹಬ್ಬಕ್ಕೆ ಎರಡು ಅಂತಸ್ತಿನ ಕೇಕ್ ಮಾಡುವವಳಿದ್ದೇನೆ. ಮನೆಯಲ್ಲಿ ಎ.ಸಿ. ಇಲ್ಲ; ಹಿರಿಯರು ಮೊಟ್ಟೆ ತಿನ್ನುವುದಿಲ್ಲ. ಯಾವ ಬಟರ್‌ಕ್ರೀಮ್ (ಕೇಕಿಗೆ ಹಚ್ಚುವ, ಬೆಣ್ಣೆ-ಸಕ್ಕರೆ ಕಡೆದು ಮಾಡಿದ ಕ್ರೀಮ್) ಸೂಕ್ತವೆಂದು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಬೆಣ್ಣೆ ಕರಗುವುದು ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಾದರೂ ಅದಕ್ಕೂ ಬಹಳ ಮೊದಲೇ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ. ಆದ್ದರಿಂದ ಕೇಕನ್ನು ಮಧ್ಯಾಹ್ನದಿಂದಲೇ ಮೇಜಿನ ಮೇಲಿಡುವ ಯೋಚನೆಯಿದ್ದರೆ ಬಿಟ್ಟುಬಿಡಿ. ಮೊಟ್ಟೆಯ ಬಿಳಿಭಾಗ ಬಳಸುವ ಸ್ವಿಸ್, ಇಟಾಲಿಯನ್ ಬಟರ್‌ಕ್ರೀಮ್‌ಗಳು ನಿಮಗೆ ಒಗ್ಗುವುದಿಲ್ಲ. ಬೆಣ್ಣೆಯ ಎರಡರಷ್ಟು ಐಸಿಂಗ್ ಸಕ್ಕರೆ ಸೇರಿಸಿ ಮಾಡುವ ಅಮೆರಿಕನ್ ವಿಧಾನ ಸುಲಭವೇನೋ ಹೌದು, ಆದರೆ ನನ್ನ ನಾಲಿಗೆಗೆ ಅದು ವಿಪರೀತ ಸಿಹಿ.

ಉತ್ತರ 2: ಮೈದಾ ಮತ್ತು ಹಾಲಿನಿಂದ ಮಾಡುವ ಅರ್ಮಿನ್ ಬಟರ್‌ಕ್ರೀಮ್ ಪ್ರಯತ್ನಿಸಿ, ಕ್ರೀಮ್ ಚೀಸ್ ರೂಢಿಗೆ ಬರುವ ಮುನ್ನ ಅಮೆರಿಕದಲ್ಲಿ ರೆಡ್ ವೆಲ್ವೆಟ್ ಕೇಕಿಗೆ ಹಚ್ಚುತ್ತಿದ್ದುದು ಇದನ್ನೇ. 35 ಗ್ರಾಂ ಮೈದಾ ಮತ್ತು 200 ಗ್ರಾಂ ಸಕ್ಕರೆಗೆ 250 ಮಿಲಿಲೀಟರ್ ಹಾಲನ್ನು ಗಂಟಾಗದಂತೆ ಸ್ವಲ್ಪ ಸ್ವಲ್ಪವೇ ಬೆರೆಸಿ, ಸೌಟು ಎಳೆದಾಗ ಪಾತ್ರೆಯ ತಳ ಕಾಣುವಷ್ಟು ಗಟ್ಟಿಯಾಗುವವರೆಗೆ ಸಣ್ಣ ಉರಿಯಲ್ಲಿ ಕೈಬಿಡದೆ ಕಲಕಬೇಕು. ಮೇಲೆ ಕೆನೆಗಟ್ಟದಂತೆ ಪ್ಲಾಸ್ಟಿಕ್ ಹಾಳೆಯನ್ನು ತಾಗಿಸಿ ಮುಚ್ಚಿ, ಪೂರ್ತಿ ತಣಿಸಿ. ಉಗುರುಬೆಚ್ಚಗಿದ್ದರೂ ಬೆಣ್ಣೆ ಕರಗಿ ಇಡೀ ಮಿಶ್ರಣ ನೀರಾಗುತ್ತದೆ. ಬಳಿಕ ಉಪ್ಪಿಲ್ಲದ 225 ಗ್ರಾಂ ಬೆಣ್ಣೆಯನ್ನು ಬೆಳ್ಳಗಾಗುವವರೆಗೆ ಬೀಟರಿನಲ್ಲಿ ಕಡೆದು, ಈ ಮಿಶ್ರಣವನ್ನು ಚಮಚ ಚಮಚವಾಗಿ ಸೇರಿಸಿ. ನಡುವೆ ಒಡೆದಂತೆ ಕಂಡರೆ ಗಾಬರಿ ಬೇಡ, ಕಡೆಯುತ್ತಲೇ ಇರಿ. ಸಡಿಲವಾದರೆ ಬಟ್ಟಲನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ಮತ್ತೆ ಕಡೆಯಿರಿ.

ಉತ್ತರ 3: ಅರ್ಮಿನ್ ರುಚಿಯ ಬಗ್ಗೆ ನನ್ನ ತಕರಾರಿಲ್ಲ, ಆದರೆ ಅದು ಮೃದು, ಅದರಲ್ಲಿ ಗುಲಾಬಿ ಹೂ ಬಿಡಿಸಿದರೆ ಸೆಕೆಗೆ ಎಸಳುಗಳು ಜೋತುಬೀಳುತ್ತವೆ. ಪದರಗಳ ನಡುವೆ ಅದನ್ನು ತುಂಬಿ, ಹೊರಗಡೆಗೆ ಡಾರ್ಕ್ ಚಾಕೊಲೇಟ್ ಮತ್ತು ಕ್ರೀಮನ್ನು 2:1ರ ತೂಕದಲ್ಲಿ ಬೆರೆಸಿದ ಗನಾಶ್ ಹಚ್ಚುವುದು ಮೇಲು. ಹೂಗಳೇ ಬೇಕೆಂದರೆ ಅಮೆರಿಕನ್ ವಿಧಾನದಲ್ಲಿ ಅರ್ಧ ಬೆಣ್ಣೆಯ ಬದಲು ವೆಜಿಟೆಬಲ್ ಶಾರ್ಟನಿಂಗ್ (ಸಸ್ಯಜನ್ಯ ಎಣ್ಣೆಯಿಂದ ಮಾಡಿದ ಗಟ್ಟಿ ಕೊಬ್ಬು) ಹಾಕಿ, ಬಿಡಿಸಿ, ಫ್ರಿಜ್‌ನಲ್ಲಿ ಗಟ್ಟಿಮಾಡಿಟ್ಟು ಕೊನೆಯಲ್ಲಿ ಕೂರಿಸಬಹುದು. ಹೂ ಬಿಡಿಸಲು ಕ್ರೀಮ್ ಹಿಂಡುವ ಚೀಲವನ್ನು (ಪೈಪಿಂಗ್ ಬ್ಯಾಗ್) ಪೂರ್ತಿ ತುಂಬಬೇಡಿ, ಅಂಗೈಯ ಬಿಸಿಯೇ ಕ್ರೀಮನ್ನು ಇಳಿಸಿಬಿಡುತ್ತದೆ. ಕೇಕನ್ನು ಕತ್ತರಿಸುವುದಕ್ಕೆ ಅರ್ಧ ಗಂಟೆ ಮೊದಲಷ್ಟೇ ಫ್ರಿಜ್‌ನಿಂದ ತೆಗೆಯಿರಿ, ಇನ್ನೂ ಮೊದಲು ಬೇಡ. ಉಳಿದ ಕ್ರೀಮನ್ನು ಎರಡು ಬಿಸ್ಕತ್ತುಗಳ ನಡುವೆ ಹಚ್ಚಿಕೊಟ್ಟರೆ ಮಕ್ಕಳೇ ಖಾಲಿಮಾಡುತ್ತಾರೆ.